ಜೆನೋವಾದಲ್ಲಿ ಕಳೆದುಹೋದವಳು

ಹಿಂದಿನ ದಿನ ಜೆರಾರ್ಡ್ ಸ್ಟ್ರೀಟಿನ ಇಂಡಿಯನ್ ಅಂಗಡಿಯಿಂದ ತಂದ ತೊಂಡೆಕಾಯಿ ಅರ್ಧಕ್ಕರ್ಧ ಹಣ್ಣಾಗಿತ್ತು. ಅರುಂಧತಿ ಒಂದೊಂದನ್ನೇ ಉದ್ದಕ್ಕೆ ಸೀಳಿ, ಒಳಗೆ ಕೆಂಪಾಗಿದ್ದರೆ ಪಕ್ಕಕ್ಕೆ ಸರಿಸಿ, ಹಸಿರಾಗಿದ್ದರೆ ಬಾಣಲೆಗೆ ಹಾಕುತ್ತ, ಇವತ್ತು ಮಧ್ಯಾಹ್ನ ತಾನು ನಗಬೇಕಾದ ನಗುವಿನ ಬಗ್ಗೆ ಯೋಚಿಸುತ್ತಿದ್ದಳು. ಅದು ಜಾಸ್ತಿಯಾಗಬಾರದು; ಜಾಸ್ತಿಯಾದರೆ ಗೆಳತಿ ಶ್ರೀವಿದ್ಯಾ ಕಥೆಯನ್ನು ಇನ್ನೊಂದಿಷ್ಟು ಬೆಳೆಸುತ್ತಾಳೆ. ಕಡಿಮೆಯಾದರೆ ಗಂಡ ವೇಣುಗೋಪಾಲ ವಾಪಸ್ಸು ಬರುವಾಗ ಕಾರಿನಲ್ಲಿ, ‘ಯಾಕೆ, ಬೇಜಾರಾಯ್ತಾ?’ ಎಂದು ಕೇಳುತ್ತಾನೆ. ಏಪ್ರಿಲ್ ಕೊನೆಯಲ್ಲಿ ಇಟಲಿಯಿಂದ ಬಂದ ಮೇಲೆ ಈ ಎರಡು ತಿಂಗಳಲ್ಲಿ ಅರುಂಧತಿ ಕಳೆದುಹೋದ ಕಥೆ ನಾಲ್ಕು ಮನೆಗಳಲ್ಲಿ ಹೇಳಿಯಾಗಿತ್ತು. ಬಸವಂತಪ್ಪನವರ ಗೃಹಪ್ರವೇಶದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯವೇ ಇಲ್ಲದ ಹೆಂಗಸೊಬ್ಬಳು ಬಂದು, ‘ನೀವೇ ಅಲ್ವಾ ಇಟಲೀಲಿ ಕಳ್ದ್‌ಹೋದವ್ರು?’ ಎಂದು ಕೈ ಹಿಡಿದುಕೊಂಡಿದ್ದಳು. ಹೌದು ಅಂದಿದ್ದಳು ಅರುಂಧತಿ. ಆ ಹೌದು ಎಷ್ಟು ಸಲೀಸಾಗಿ ಬಂತೆಂದರೆ, ತಾನು ನಿಜಕ್ಕೂ ಕಳೆದುಹೋಗಿದ್ದೆನೇನೋ ಎಂದು ಒಂದು ಗಳಿಗೆ ಅವಳಿಗೇ ಅನ್ನಿಸಿತ್ತು.

ಇವತ್ತು ಪ್ರಫುಲ್ಲಾಳ ಮನೆಯಲ್ಲಿ ಊಟ, ಜೊತೆಗೆ ಫೋಟೋ. ಶ್ರೀವಿದ್ಯಾ ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿ ಮುನ್ನೂರು ಫೋಟೋಗಳನ್ನೂ ತೋರಿಸುವವಳಿದ್ದಳು. ಇಟಲಿಗೆ ಹೋದದ್ದೇ ಅವಳಿಂದ. ಅವಳ ಸಾಫ್ಟ್‌ವೇರ್ ಕಂಪನಿ ಅವಳನ್ನು ಒಂದು ವಾರದ ಕೆಲಸಕ್ಕೆ ಜೆನೋವಾಕ್ಕೆ ಕಳಿಸಿದಾಗ, ‘ರೂಮ್ ಹೇಗೂ ಆಫೀಸ್ದು, ಎಕ್ಸ್‌ಟ್ರಾ ಬೆಡ್ ಹಾಕಿಸ್ಕೊಳ್ಳೋಣ. ಜಸ್ಟ್ ತ್ರೀ ಡೇಸ್. ಗಂಡಸ್ರು ಬೇಡ, ನಾವ್ ಮೂರೇ ಜನ,’ ಎಂದು ಫೋನಿನಲ್ಲೇ ಕುಣಿದಾಡಿದ್ದಳು. ಹನ್ನೆರಡು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿಗೆ ಒಟ್ಟಿಗೆ ಅಡಿಗೆ ಮಾಡಿದಾಗಿನ ಗೆಳೆತನ ಅದು. ಬೆಂಗಳೂರಿನ ಶ್ರೀವಿದ್ಯಾ, ಕಾಪುವಿನ ಪ್ರಫುಲ್ಲಾ, ಮೈಸೂರಿನ ಅರುಂಧತಿ. ಪ್ರಫುಲ್ಲಾ ಮಾರ್ಕಮ್ಮಿನ ಒಂದು ಚೈನೀಸ್ ಮಾಲಿನಲ್ಲಿ ಬಟ್ಟೆ ಆಲ್ಟರೇಶನ್ ಮಾಡುವ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಅರುಂಧತಿ ಲೈಬ್ರರಿಯಲ್ಲಿ, ವಾಪಸ್ಸು ಬಂದ ಪುಸ್ತಕಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಅವುಗಳ ಜಾಗಕ್ಕೆ ಸೇರಿಸುವ ಕೆಲಸದಲ್ಲಿ. ಇಟಲಿಯಿಂದ ಬಂದ ಮೊದಲನೇ ವಾರ ಅವಳು ಪ್ರವಾಸದ ಕಪಾಟಿನ ಮುಂದೆ ಗಾಡಿ ನಿಲ್ಲಿಸಿ, ಒಂದು ದಪ್ಪ ಪುಸ್ತಕದಲ್ಲಿ ಜೆನೋವಾದ ನಕ್ಷೆಯನ್ನು ಹುಡುಕಿ ತೆಗೆದಿದ್ದಳು. ಬಂದರು ಇತ್ತು, ಕಾರಂಜಿಯ ಚೌಕ ಇತ್ತು, ಅರಮನೆಗಳ ಬೀದಿ ಇತ್ತು. ಗುಡ್ಡದ ಮೇಲಿನ ಆ ಗಲ್ಲಿ ಇರಲಿಲ್ಲ. ಹೆಸರು ಗೊತ್ತಿಲ್ಲದ ಗಲ್ಲಿಯನ್ನು ಯಾವ ಅಕ್ಷರದ ಕೆಳಗೆ ಹುಡುಕುವುದು? ಅವಳು ಬೆರಳಿನಿಂದ ನಕ್ಷೆಯ ಮೇಲೆ ಅಂದಾಜಿನಲ್ಲಿ ಒಂದು ಜಾಗ ಮುಟ್ಟಿ, ಯಾರೋ ಬಂದ ಸದ್ದಾಗಿ ಪುಸ್ತಕ ಮುಚ್ಚಿದ್ದಳು.

‘ಅರು, ರೆಡಿನಾ?’ ಮೆಟ್ಟಿಲ ಮೇಲಿನಿಂದ ವೇಣುಗೋಪಾಲ ಕೂಗಿದ. ದನಿಯಲ್ಲಿ ಏನೋ ಬಚ್ಚಿಟ್ಟುಕೊಂಡ ಖುಷಿ ಇತ್ತು. ಕೆಂಪಗಾದ ತೊಂಡೆಕಾಯಿಗಳನ್ನು ಕಸಕ್ಕೆ ಹಾಕುವಾಗ ಅವಳಿಗೆ ಪ್ರಫುಲ್ಲಾಳ ಬಲಗೈ ನೆನಪಾಯಿತು. ನೆನಪಾಗದೆ ಇದ್ದ ದಿನವೇ ಇರಲಿಲ್ಲ.

ಪ್ರಫುಲ್ಲಾ ಬಾಗಿಲು ತೆಗೆದು ಪಲ್ಯದ ಪಾತ್ರೆಯನ್ನು ಎಡಗೈಯಿಂದ ತೆಗೆದುಕೊಂಡಳು. ‘ಎಂತ ಮಾರಾಯ್ತಿ, ಇಷ್ಟು ಭಾರದ್ದು ತಂದದ್ದು! ಬಾ ಒಳಗೆ.’ ಪ್ಲಾಸ್ಟರು ತೆಗೆದು ಮೂರು ವಾರವಾಗಿತ್ತು. ಮಣಿಕಟ್ಟು ತೆಳ್ಳಗಾಗಿ, ಅಲ್ಲಿನ ಚರ್ಮ ಉಳಿದ ಕೈಗಿಂತ ಬಿಳುಪಾಗಿ, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ‘ಹೇಗಿದೆ ಕಣೇ ಕೈ?’ ಎಂದು ಅರುಂಧತಿ ಪ್ರತಿ ಸಲದ ಹಾಗೆ ಕೇಳಿದಳು. ‘ಉಂಟು, ಕೈ ಉಂಟು. ಕತ್ತರಿ ಹಿಡೀಲಿಕ್ಕೆ ಮಾತ್ರ ಆಗುದಿಲ್ಲ. ಶಕ್ತಿ ಬರ್ಲಿಕ್ಕೆ ಇನ್ನೂ ಟೈಮ್ ಬೇಕಂತೆ,’ ಎಂದು ಪ್ರಫುಲ್ಲಾ ನಕ್ಕಳು. ಅಡಿಗೆಮನೆಯಲ್ಲಿ ಅವಳ ಗಂಡ ಚೆನ್ನಯ ಏಪ್ರನ್ ಕಟ್ಟಿಕೊಂಡು ನೀರುದೋಸೆ ಹೊಯ್ಯುತ್ತಿದ್ದ. ಒಂದೊಂದು ದೋಸೆ ಹರಿದಾಗಲೂ ಹೆಂಡತಿಯ ಕಡೆ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ದೋಸೆ ಹೊಯ್ದ ಕೈ ಈಗ ಕಾವಲಿಯಿಂದ ಎರಡು ಅಡಿ ದೂರ ನಿಂತು, ಬೆರಳು ತೋರಿಸಿ ಹೇಳಿಕೊಡುತ್ತಿತ್ತು. ಅರುಂಧತಿ, ತಟ್ಟೆ ಜೋಡಿಸುತ್ತೇನೆಂದು ಬೆನ್ನು ತಿರುಗಿಸಿದಳು.

ಊಟವಾದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತರು. ಚೆನ್ನಯ ಪರದೆ ಎಳೆದ. ಅವನ ಮಗಳು ನಿಶ್ಮಿತಾ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿದಳು. ಬಂದರು, ಹಡಗುಗಳು, ಹಳದಿ ಮತ್ತು ಇಟ್ಟಿಗೆ ಬಣ್ಣದ ಎತ್ತರದ ಮನೆಗಳು, ಕಾರಂಜಿಯ ಮುಂದೆ ಮೂರು ಜನ, ಕಾರಂಜಿಯ ಮುಂದೆ ಇಬ್ಬರು, ಪ್ರಫುಲ್ಲಾ ಒಬ್ಬಳೇ ಕಣ್ಣು ಕಿರಿದು ಮಾಡಿಕೊಂಡು. ಎರಡನೇ ದಿನದ ಫೋಟೋಗಳು ಶುರುವಾದ ಕೂಡಲೇ ಶ್ರೀವಿದ್ಯಾ ಸೋಫಾದಿಂದ ಎದ್ದು ನಿಂತಳು. ‘ಈಗ ಬರುತ್ತೆ ನೋಡಿ ಸಸ್ಪೆನ್ಸು. ನಂಗೆ ಹನ್ನೆರಡೂವರೆ ತನಕ ಮೀಟಿಂಗ್. ಒಂದ್ ಗಂಟೆಗೆ ಫೌಂಟನ್ ಹತ್ರ ಸಿಗೋಣ ಅಂತ ಇವರಿಬ್ಬರಿಗೂ ಪೇಪರ್‌ನಲ್ಲಿ ಬರ್ದು ಕೊಟ್ಟಿದ್ದೆ. ಹೋಗ್ತೀನಿ, ಪ್ರಫುಲ್ಲಾ ಒಬ್ಳೇ ನಿಂತು ನಡುಗ್ತಾ ಇದಾಳೆ. ನಮ್ ಅರುಂಧತಿ ನಾಪತ್ತೆ! ಮ್ಯಾಪ್ ಇತ್ತು ಇವಳ ಕೈಲಿ, ಹೋಟೆಲ್ ಕಾರ್ಡ್ ಇತ್ತು ಬ್ಯಾಗಲ್ಲಿ. ಬಟ್ ನೋ! ಮೇಡಂ ಮ್ಯಾಪನ್ನ ಉಲ್ಟಾ ಹಿಡ್ಕೊಂಡು ಗುಡ್ಡ ಹತ್ಕೊಂಡು ಹೋಗಿದಾರೆ!’ ಎಲ್ಲರೂ ನಕ್ಕರು. ಮ್ಯಾಪನ್ನು ಉಲ್ಟಾ ಹಿಡಿದದ್ದು ಮೂರನೇ ಮನೆಯಲ್ಲಿ ಸೇರಿಕೊಂಡಿತ್ತು. ‘ಇವಳಿಗೆ ಮಾಲಿನ ಪಾರ್ಕಿಂಗಲ್ಲೇ ಕಾರು ಸಿಗಲ್ಲ,’ ಎಂದು ವೇಣುಗೋಪಾಲ ತನ್ನ ಪಾಲಿನದನ್ನು ಸೇರಿಸಿದ. ‘ಆಂಟಿ, ಯು ಆರ್ ಅ ಲೆಜೆಂಡ್,’ ಎಂದಳು ನಿಶ್ಮಿತಾ. ಅರುಂಧತಿ ನಗಬೇಕಾದಷ್ಟು ನಕ್ಕಳು. ಟಿವಿಯಲ್ಲಿ ಒಂದು ಇಕ್ಕಟ್ಟಾದ ಗಲ್ಲಿ ಬಂತು. ಮೇಲೆ ಒಂದು ಗೇಣಿನಷ್ಟು ಆಕಾಶ. ಅವಳು ನಗುತ್ತಲೇ ಅದನ್ನು ಗುರುತಿಸಿದಳು.

ಬಟ್ಟೆಯ ಗುಂಡಿ ಮಾರುವ ಅಂಗಡಿ ಇದ್ದದ್ದು ಅದೇ ಗಲ್ಲಿಯಲ್ಲಿ. ಅವತ್ತು ಬೆಳಿಗ್ಗೆ ಹತ್ತೂವರೆ ಇರಬೇಕು. ಗಾಜಿನ ಕಿಟಕಿಯ ಹಿಂದೆ ಸಾವಿರ ಥರದ ಗುಂಡಿಗಳು, ಲೇಸುಗಳು, ಜರಿಯ ಪಟ್ಟಿಗಳು. ಪ್ರಫುಲ್ಲಾ ಸಣ್ಣ ಹುಡುಗಿಯ ಹಾಗೆ ಉಸಿರೆಳೆದುಕೊಂಡು, ‘ನೀನು ಇಲ್ಲೇ ನಿಲ್ಲು, ನಾನು ಐದೇ ಮಿನಿಟಲ್ಲಿ ಬರ್ತೇನೆ,’ ಎಂದು ಒಳಗೆ ಹೋದಳು. ಅರುಂಧತಿ ನಿಂತಳು. ನಿಲ್ಲುವುದು ಅವಳಿಗೆ ಹೊಸದಲ್ಲ. ಅಂಗಡಿಗಳ ಹೊರಗೆ, ಸ್ಕೂಲಿನ ಗೇಟಿನಲ್ಲಿ, ಮಗ ಧ್ರುವನ ಹಾಕಿ ಆಟದ ತಣ್ಣಗಿನ ಬೆಂಚಿನ ಪಕ್ಕದಲ್ಲಿ, ವೇಣುಗೋಪಾಲ ಯಾರ ಜೊತೆಗೋ ಮಾತು ಮುಗಿಸುವ ತನಕ ಕಾರಿನ ಬಾಗಿಲ ಹತ್ತಿರ, ಅವಳು ಎಷ್ಟೋ ವರ್ಷ ನಿಂತಿದ್ದಳು. ಸೀದ ಕಡಲೆಹಿಟ್ಟಿನ ವಾಸನೆ ಬಂತು. ಇಲ್ಲಿ ಕಡಲೆಹಿಟ್ಟೇ? ಆ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನೋಡಲು ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಇನ್ನೂ ನಾಲ್ಕು. ಗಲ್ಲಿ ತಿರುಗುವಲ್ಲಿ ಹಿಂದಿನಿಂದ, ‘ಅರುಂಧತೀ,’ ಎಂದು ಪ್ರಫುಲ್ಲಾ ಕರೆದಳು. ಗಾಬರಿಯ ಕರೆಯಲ್ಲ. ಅಂಗಡಿಯ ಬಾಗಿಲಿಗೆ ಬಂದು, ಯಾವುದೋ ಗುಂಡಿಯನ್ನು ತೋರಿಸಲು ಕರೆದ ಮಾಮೂಲಿ ದನಿ. ಅರುಂಧತಿಗೆ ಸ್ಪಷ್ಟವಾಗಿ ಕೇಳಿಸಿತು. ತಿರುಗಲು ಕತ್ತೂ ಸಿದ್ಧವಾಗಿತ್ತು. ಆದರೆ ಕಾಲು ಮೊದಲು ತಿರುಗಿತು, ಗಲ್ಲಿಯ ಆ ಕಡೆಗೆ, ಗೋಡೆಯ ಮರೆಗೆ. ಅಷ್ಟೇ. ಮುಂದಿನ ನಾಲ್ಕು ಗಂಟೆಗಳನ್ನು ಅವಳು ಯೋಚಿಸಿ ಮಾಡಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆ ಒಂದು ಹೆಜ್ಜೆಯ ಬಗ್ಗೆ ಮಾತ್ರ ಹಾಗೆ ಹೇಳಿಕೊಳ್ಳಲು ಆಗುತ್ತಿರಲಿಲ್ಲ.

ಕಡಲೆಹಿಟ್ಟೇ ಆಗಿತ್ತು. ಸೌದೆ ಒಲೆಯ ಬಾಯಿಂದ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ತಾಮ್ರದ ತಟ್ಟೆಯನ್ನು ಎಳೆದು, ಅದರಲ್ಲಿ ಬೆಂದ ದಪ್ಪ ದೋಸೆಯಂಥದನ್ನು ಕತ್ತರಿಸಿ ಕಾಗದದ ಮೇಲೆ ಕೊಟ್ಟರು. ನಿಂತೇ ತಿಂದಳು. ಎಣ್ಣೆಯ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡು ನಡೆದಳು. ಗುಡ್ಡದ ಹೊಟ್ಟೆಯೊಳಗೆ ಕೊರೆದ ಒಂದು ಸುರಂಗದ ಕೊನೆಯಲ್ಲಿ ಊರವರೆಲ್ಲ ಹತ್ತುವ ಲಿಫ್ಟು ಇತ್ತು. ತರಕಾರಿ ಚೀಲದ ಹೆಂಗಸರ ಜೊತೆ ತಾನೂ ಹತ್ತಿದಳು. ಮೇಲೆ ಬಾಗಿಲು ತೆರೆದಾಗ ಇಡೀ ಊರು ಕೆಳಗಿತ್ತು. ಬೂದು ಕಲ್ಲಿನ ಮಾಡುಗಳು, ಅವುಗಳಾಚೆ ಸಮುದ್ರ. ಅಲ್ಲಿಂದ ಇನ್ನೂ ಮೇಲೆ, ಎರಡು ಜನ ಒಟ್ಟಿಗೆ ನಡೆಯಲಾಗದ ಮೆಟ್ಟಿಲ ಗಲ್ಲಿಯಲ್ಲಿ, ಒಂದು ಗಿಡ್ಡ ಗೋಡೆಯ ಅಂಗಳ. ವಯಸ್ಸಾದ ಹೆಂಗಸೊಬ್ಬಳು ತಂತಿಯ ಮೇಲಿನ ಬಿಳಿಯ ಹೊದಿಕೆಯೊಂದನ್ನು ತೆಗೆದು ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದಳು. ಗಾಳಿಗೆ ಅದು ಮುಖಕ್ಕೆ ಬಡಿಯುತ್ತಿತ್ತು. ಅವಳು ಅರುಂಧತಿಯನ್ನು ನೋಡಿ, ಪಕ್ಕದ ಮನೆಯವಳನ್ನು ಕರೆದಷ್ಟೇ ಸಹಜವಾಗಿ, ಇನ್ನೊಂದು ತುದಿ ಹಿಡಿ ಎಂದು ಸನ್ನೆ ಮಾಡಿದಳು. ಅರುಂಧತಿ ಬ್ಯಾಗು ಕೆಳಗಿಟ್ಟು ಹಿಡಿದಳು. ಹಿಂದಕ್ಕೆ ಹೋಗಿ ಎಳೆದು, ಮುಂದಕ್ಕೆ ಬಂದು ಮೂಲೆಗಳನ್ನು ಅವಳ ಕೈಗಿತ್ತು, ಬಗ್ಗಿ ಮಡಿಕೆ ಹಿಡಿದು, ಮತ್ತೆ ಹಿಂದಕ್ಕೆ. ಮೊದಲ ಸಲ ಅರುಂಧತಿ ಅಡ್ಡಕ್ಕೆ ಮಡಿಸಿದಾಗ ಮುದುಕಿ ನಾಲಿಗೆ ಲೊಚಗುಟ್ಟಿ ತಲೆಯಲ್ಲಾಡಿಸಿದಳು. ಇಬ್ಬರಿಗೂ ನಗು ಬಂತು. ಆರು ಹೊದಿಕೆ ಮಡಿಸಿದರು. ಬಿಸಿಲು, ಸಾಬೂನಿನ ವಾಸನೆ, ಅಂಗೈಯಲ್ಲಿ ಒಗೆದ ಬಟ್ಟೆಯ ಗಡುಸು. ಮುದುಕಿ ಸಣ್ಣ ಬಟ್ಟಲಲ್ಲಿ ಕಪ್ಪು ಕಾಫಿ ತಂದಳು. ಮೆಟ್ಟಿಲ ಮೇಲೆ ಕೂತು ಅವಳು ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು, ಅರುಂಧತಿ ಕನ್ನಡದಲ್ಲಿ ಉತ್ತರ ಕೊಟ್ಟಳು. ಮೊದಲು ಸುಮ್ಮನೆ ಹೂಂ, ಹೌದಾ, ಎಂದು. ಆಮೇಲೆ, ಯಾರೂ ಕೇಳದೆ ಇದ್ದರೂ, ‘ನಂಗೆ ವಾಪಸ್ ಹೋಗ್ಬೇಕು ಅಂತ ಅನ್ನಿಸ್ತಾನೇ ಇಲ್ಲಮ್ಮ,’ ಎಂದಳು. ತನ್ನ ಬಾಯಿಂದ ಆ ವಾಕ್ಯ ಹೊರಗೆ ಬಂದದ್ದನ್ನು ಅವಳು ಬೇರೆಯವಳ ಮಾತು ಕೇಳಿದ ಹಾಗೆ ಕೇಳಿದಳು. ಮುದುಕಿ ಅರ್ಥವಾದವಳ ಹಾಗೆ ತಲೆಯಾಡಿಸಿ ಅವಳ ಮೊಣಕಾಲನ್ನು ತಟ್ಟಿದಳು. ಹೆಸರು ಅವಳೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಒಂದು ಗಂಟೆ ಹೊಡೆದದ್ದು ಯಾವುದೋ ಚರ್ಚಿನಿಂದ ಕೇಳಿಸಿತ್ತು. ಎರಡು ಹೊಡೆದದ್ದೂ ಕೇಳಿಸಿತು.

ಇಳಿಯುವಾಗ ಅವಳಿಗೆ ದಾರಿಯ ಬಗ್ಗೆ ಅನುಮಾನವೇ ಇರಲಿಲ್ಲ. ಲಿಫ್ಟು, ಸುರಂಗ, ಒಲೆಯ ಅಂಗಡಿ, ಗುಂಡಿಯಂಗಡಿ. ಅದು ಮಧ್ಯಾಹ್ನಕ್ಕೆ ಬಾಗಿಲು ಹಾಕಿತ್ತು. ಹೋಟೆಲಿನ ಲಾಬಿಯಲ್ಲಿ ಶ್ರೀವಿದ್ಯಾ ಕೌಂಟರಿನವನ ಮೇಲೆ ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದವಳು, ಅರುಂಧತಿಯನ್ನು ಕಂಡು ಓಡಿ ಬಂದು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಒಂದೂವರೆಯ ಹೊತ್ತಿಗೆ ದೂರದಲ್ಲಿ ಅರುಂಧತಿಯದರಂಥ ನೀಲಿ ಶಾಲು ಹೊದ್ದ ಹೆಂಗಸೊಬ್ಬಳು ಮೆಟ್ಟಿಲಿಳಿಯುವುದನ್ನು ಕಂಡು, ಅವಳೇ ಎಂದುಕೊಂಡು ಪ್ರಫುಲ್ಲಾ ಓಡಿದ್ದಳಂತೆ. ಸವೆದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದು, ಊರಿದ ಕೈ ಮುರಿದಿತ್ತು. ಈಗ ಆಸ್ಪತ್ರೆಯಲ್ಲಿದ್ದಾಳೆ. ‘ಏನಾಯ್ತೇ ನಿಂಗೆ? ಎಲ್ಲಿ ಹೋಗಿದ್ದೆ?’ ಅರುಂಧತಿಯ ಬಾಯಿ ತೆರೆದುಕೊಂಡಿತು. ‘ದಾರಿ ತಪ್ಪಿತು,’ ಎಂದಿತು. ಆಸ್ಪತ್ರೆಯಲ್ಲಿ ಪ್ರಫುಲ್ಲಾ ನೋವಿನ ಔಷಧಿಯ ಮಂಪರಿನಲ್ಲಿ ಅವಳ ಮುಖವನ್ನು ಎಡಗೈಯಿಂದ ಸವರಿ, ‘ಸಿಕ್ಕಿದೆಯಲ್ಲ, ಅಷ್ಟು ಸಾಕು,’ ಎಂದಳು. ಅಂದಿನಿಂದ ಅರುಂಧತಿಗೆ ಎರಡು ಥರದ ಮಧ್ಯಾಹ್ನಗಳು. ಲೈಬ್ರರಿಯಲ್ಲಿ, ಬಸ್ಸಿನಲ್ಲಿ, ಡಿಶ್‌ವಾಷರಿನಿಂದ ತಟ್ಟೆ ತೆಗೆಯುವಾಗ, ಇದ್ದಕ್ಕಿದ್ದ ಹಾಗೆ ಆ ಅಂಗಳದ ಬಿಸಿಲು ಮೈಮೇಲೆ ಬಿದ್ದ ಹಾಗಾಗಿ ಎದೆ ತುಂಬಿ ಬರುವುದು. ಅದು ತುಂಬುವಷ್ಟರಲ್ಲೇ ಪ್ರಫುಲ್ಲಾಳ ಕೈ ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಗುವುದು. ಒಂದನ್ನು ಬಿಟ್ಟು ಇನ್ನೊಂದು ಬರುತ್ತಲೇ ಇರಲಿಲ್ಲ. ಪಶ್ಚಾತ್ತಾಪ ಪಡಬೇಕೆಂದು ಕೂತರೂ, ಕೊನೆಗೆ ಬರುತ್ತಿದ್ದ ಯೋಚನೆ ಒಂದೇ: ಇನ್ನೊಂದು ಗಂಟೆ ಕೂತಿರಬಹುದಿತ್ತು.

‘ಅಟೆನ್ಶನ್ ಪ್ಲೀಸ್!’ ವೇಣುಗೋಪಾಲ ಎದ್ದು ನಿಂತು ಚಪ್ಪಾಳೆ ತಟ್ಟಿದ. ಫೋಟೋಗಳು ಮುಗಿದಿದ್ದವು. ಅವನು ಸೋಫಾದ ಹಿಂದಿನಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದು ಅರುಂಧತಿಯ ಮಡಿಲಲ್ಲಿಟ್ಟ. ಒಳಗೆ ಬೆಳ್ಳಿ ಬಣ್ಣದ ಸೆಲ್ ಫೋನು. ‘ಇನ್ಮೇಲೆ ಎಲ್ಲೇ ಕಳ್ದ್‌ಹೋದ್ರೂ ಒಂದು ಬಟನ್ ಒತ್ತಿದ್ರೆ ಸಾಕು. ಒಂದು ಅಂದ್ರೆ ನಾನು, ಎರಡು ಅಂದ್ರೆ ಶ್ರೀವಿದ್ಯಾ, ಮೂರು ಪ್ರಫುಲ್ಲಾ ಅವ್ರು. ಎಲ್ಲಾ ಸೆಟ್ ಮಾಡಿದೀನಿ.’ ಎಲ್ಲರೂ ಚಪ್ಪಾಳೆ ತಟ್ಟಿದರು. ‘ನಿಶ್ಮಿತಾ, ಅಮ್ಮಂದು ಕೂಡ ಕೊಡ್ಲಿಕ್ಕೆ ಹೇಳು,’ ಎಂದು ಚೆನ್ನಯ ಮಗಳಿಗೆ ಹೇಳುತ್ತ ಹೆಂಡತಿಯನ್ನು ಮುಂದಕ್ಕೆ ತಳ್ಳಿದ. ಪ್ರಫುಲ್ಲಾ ನಾಚುತ್ತ ಒಂದು ಪುಟ್ಟ ಬಟ್ಟೆಯ ಚೀಲ ಕೊಟ್ಟಳು. ಕಡುನೀಲಿ ರೇಷ್ಮೆ, ಬಾಯಿಗೆ ಒಂದು ದಂತದ ಬಣ್ಣದ ಗುಂಡಿ. ಹೊಲಿಗೆ ಅಲ್ಲಲ್ಲಿ ಸೊಟ್ಟಗಿತ್ತು. ಪ್ರಫುಲ್ಲಾಳ ಹೊಲಿಗೆ ಯಾವತ್ತೂ ಸೊಟ್ಟಗಿರುತ್ತಿರಲಿಲ್ಲ. ‘ಫೋನಿಗೆ. ಪ್ಲಾಸ್ಟರ್ ತೆಗೆದ ಮೇಲೆ ಫಸ್ಟ್ ಹೊಲಿದದ್ದು ಅದೇ, ಕೈಹೊಲಿಗೆ. ನಾಲ್ಕು ದಿವಸ ಹಿಡೀತು ಮಾರಾಯ್ತಿ. ಗುಂಡಿ ಆ ಅಂಗಡಿದು,’ ಎಂದಳು.

ಅರುಂಧತಿ ಚೀಲವನ್ನು ತಿರುಗಿಸಿ ನೋಡಿದಳು. ಏನಾದರೂ ಹೇಳಬೇಕೆಂದು ಎಲ್ಲರೂ ಕಾಯುತ್ತಿದ್ದರು. ನಗು ಬರಲಿಲ್ಲ. ‘ಖುಷಿಗೆ ಮಾತೇ ಹೊರಡ್ತಿಲ್ಲ ನೋಡಿ,’ ಎಂದಳು ಶ್ರೀವಿದ್ಯಾ. ಪ್ರಫುಲ್ಲಾ ಐಸ್‌ಕ್ರೀಮ್ ತರುತ್ತೇನೆಂದು ಬೇಸ್‌ಮೆಂಟಿಗೆ ಹೋದಳು. ಅರುಂಧತಿ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಹಿಂದೆ ಮೆಟ್ಟಿಲಿಳಿದಳು.

ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ದೊಡ್ಡ ಫ್ರೀಜರು, ಇನ್ನೊಂದು ಮೂಲೆಯಲ್ಲಿ ಹೊಲಿಗೆ ಮಿಷನ್ನು. ಮಿಷನ್ನಿನ ಮೇಲೆ ಅರ್ಧ ಬಿಚ್ಚಿದ ಪ್ಯಾಂಟೊಂದು ಏಪ್ರಿಲಿನಿಂದ ಹಾಗೇ ಕೂತಿತ್ತು. ಪ್ರಫುಲ್ಲಾ ಎಡಗೈಯಿಂದ ಫ್ರೀಜರಿನ ಬಾಗಿಲೆತ್ತಲು ಹೊರಟಿದ್ದಳು.

‘ಪ್ರಫುಲ್ಲಾ, ನಾನು ದಾರಿ ತಪ್ಪಿರ್ಲಿಲ್ಲ.’

‘ಎಂತ?’

‘ಅವತ್ತು. ನೀನು ಗುಂಡಿ ಅಂಗಡೀಲಿದ್ದಾಗ. ನಾನು ಹಾಗೇ ಹೊರಟುಹೋದೆ. ದಾರಿ ಎಲ್ಲಾ ಗೊತ್ತಿತ್ತು.’

ಪ್ರಫುಲ್ಲಾ ನಕ್ಕುಬಿಟ್ಟಳು. ‘ಬಿಡು ಮಾರಾಯ್ತಿ. ಶ್ರೀವಿದ್ಯಾ ಹೇಳಿದ್ದಕ್ಕೆ ಬೇಜಾರ್ ಮಾಡ್ಬೇಡ. ಅವಳ ಬಾಯೇ ಹಾಗೆ.’

‘ನೀನು ಕರೆದದ್ದು ಕೇಳಿಸಿತ್ತು ಕಣೇ.’

ಪ್ರಫುಲ್ಲಾಳ ಕೈ ಫ್ರೀಜರಿನ ಮೇಲೆಯೇ ನಿಂತಿತು. ಮೇಲೆ ಯಾರೋ ಏನೋ ಹೇಳಿ ಎಲ್ಲರೂ ನಕ್ಕ ಸದ್ದು ಸೂರಿನ ಮೇಲೆ ಓಡಾಡಿತು. ಅವಳು ನಿಧಾನವಾಗಿ ಬಂದು ಮಿಷನ್ನಿನ ಸ್ಟೂಲಿನ ಮೇಲೆ ಕೂತಳು.

‘ಎಷ್ಟು ಸಲ ಕೇಳಿದ್ದು?’

‘ಒಂದ್ಸಲ.’

‘ನಾನು ತುಂಬ ಸಲ ಕರೆದಿದ್ದೆ,’ ಎಂದಳು ಪ್ರಫುಲ್ಲಾ. ತನಗೇ ಹೇಳಿಕೊಳ್ಳುವ ಹಾಗೆ ಮುಂದುವರಿಸಿದಳು. ‘ಫೌಂಟನ್ ಹತ್ರ ಒಬ್ಬ ಪೊಲೀಸಿನವ ಇದ್ದ, ಅವನ ಎದುರು ಅಳ್ಲಿಕ್ಕೆ ಶುರು ಮಾಡಿದೆ. ಇಂಗ್ಲಿಷೂ ಬರ್ಲಿಲ್ಲ ಬಾಯಿಗೆ, ಕನ್ನಡವೂ ಬರ್ಲಿಲ್ಲ. ತುಳುವಲ್ಲೇ ಹೇಳಿದೆ. ಅವನು ಪಾಪ, ತಲೆ ಆಡಿಸ್ತಾ ಬರ್ಕೊಂಡ. ನಿಮ್ಮ ಧ್ರುವನಿಗೆ ಎಂತ ಹೇಳುದು ಅಂತ ಮನಸಲ್ಲಿ. ನಿನ್ನನ್ನು ಕರ್ಕೊಂಡು ಹೋಗಿ ಕಳೆದು ಹಾಕಿ ಬಂದೆ ಅಂತ ಹೇಳುದಾ? ಅಷ್ಟೊತ್ತಿಗೆ ಆ ಶಾಲಿನವಳು ಕಂಡದ್ದು.’ ಅವಳು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ‘ಎಲ್ಲಿಗೆ ಹೋದದ್ದು ನೀನು?’

ಅರುಂಧತಿ ಹೇಳಿದಳು. ಒಲೆಯ ಅಂಗಡಿ, ಲಿಫ್ಟು, ಅಂಗಳ, ಮುದುಕಿ, ಆರು ಹೊದಿಕೆ. ಕಾಫಿ ಕುಡಿಯುತ್ತ ಆಡಿದ ಮಾತನ್ನೂ ಬಿಡಲಿಲ್ಲ. ಇಷ್ಟು ದಿನ ಒಳಗೆ ಅಷ್ಟು ದೊಡ್ಡದಾಗಿದ್ದದ್ದು ಫ್ರೀಜರಿನ ಗುಂಯ್‌ಗುಟ್ಟುವಿಕೆಯ ನಡುವೆ ಎರಡೇ ನಿಮಿಷದಲ್ಲಿ ಮುಗಿದುಹೋಯಿತು.

‘ಬೆಡ್‌ಶೀಟು ಮಡಿಸ್ಲಿಕ್ಕೆ?’ ಪ್ರಫುಲ್ಲಾಳ ಬಾಯಲ್ಲಿ ನಗುವಿನಂಥದೇನೋ ಬಂದು ಅಲ್ಲೇ ನಿಂತಿತು. ಕಣ್ಣು ತುಂಬಿಕೊಂಡಿತು. ‘ಚಂದ ಇತ್ತಾ?’

‘ಇತ್ತು ಕಣೇ.’

‘ನನ್ನನ್ನೂ ಕರೀಬಹುದಿತ್ತಲ್ಲ ಅರುಂಧತಿ. ಗುಂಡಿ ಎಂತ, ಬಿಟ್ಟು ಬರ್ತಿದ್ದೆ. ನನಗೂ ಆಗ್ತದೆ ಒಮ್ಮೊಮ್ಮೆ ಹಾಗೆ. ಬಾಗಿಲು ಹಾಕಿ ಎಲ್ಲಿಗಾದ್ರೂ ಹೋಗುವ ಅಂತ. ನಾನು ಬರ್ತಿದ್ದೆ.’

ಇದು ಅರುಂಧತಿ ಎಣಿಸಿರದ ಮಾತು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಅಳುವಿಗೂ. ಇಷ್ಟು ವರ್ಷ ಎದುರಿಗೇ ಕೂತು ಸೆರಗಿನ ಅಂಚು ಹೊಲಿದುಕೊಟ್ಟವಳೊಳಗೂ ಆ ಹಸಿವು ಇದ್ದದ್ದು, ತಾನು ಒಂದು ಸಲವೂ ಕೇಳದೆ ಇದ್ದದ್ದು, ಒಟ್ಟಿಗೇ ಬಂದು ಅವಳನ್ನು ಮುಟ್ಟಿತು. ಹೌದು, ಕರೀಬೇಕಿತ್ತು, ತಪ್ಪಾಯ್ತು ಎಂದುಬಿಟ್ಟರೆ ಇಲ್ಲಿಗೆ ಎಲ್ಲ ಸರಿಹೋಗುತ್ತದೆ. ಇಬ್ಬರೂ ಅತ್ತು, ಮುಖ ತೊಳೆದುಕೊಂಡು ಐಸ್‌ಕ್ರೀಮ್ ಹಿಡಿದು ಮೇಲೆ ಹೋಗಬಹುದು. ಆದರೆ ಆ ಅಂಗಳದಲ್ಲಿ ಪ್ರಫುಲ್ಲಾಳನ್ನು ಮನಸ್ಸಿನಲ್ಲೇ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದರೆ, ಅಂಗಳವೇ ಕಾಣುತ್ತಿರಲಿಲ್ಲ.

‘ಇಲ್ಲ ಪ್ರಫುಲ್ಲಾ,’ ಎಂದಳು. ‘ನಿನ್ನನ್ನು ಕರೀತಿರ್ಲಿಲ್ಲ. ಯಾರನ್ನೂ ಕರೀತಿರ್ಲಿಲ್ಲ.’

ಪ್ರಫುಲ್ಲಾ ಎದ್ದು ಬಂದು ಅವಳ ಕೈಯಿಂದ ನೀಲಿ ಚೀಲವನ್ನು ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಮಕ್ಕಳ ಕೈಯಿಂದ ಬೀಳಬಾರದ ವಸ್ತುವನ್ನು ತೆಗೆದುಕೊಂಡ ಹಾಗೆ, ಮೆಲ್ಲಗೆ. ‘ಫೋನು ತಗೊಂಡು ಹೋಗು. ಅವರು ಆಸೆಯಲ್ಲಿ ತಂದದ್ದು. ಇದು ಇಲ್ಲಿರ್ಲಿ,’ ಎಂದು ಮಿಷನ್ನಿನ ಡ್ರಾಯರಿನಲ್ಲಿಟ್ಟಳು. ‘ಐಸ್‌ಕ್ರೀಮಿನ ಡಬ್ಬ ನೀನೇ ಹಿಡ್ಕೋ. ನನಗೆ ಎತ್ಲಿಕ್ಕಾಗುದಿಲ್ಲ.’

ಡಬ್ಬ ಹಿಡಿದುಕೊಂಡು ಅರುಂಧತಿ ಮುಂದೆ ಮೆಟ್ಟಿಲು ಹತ್ತಿದಳು. ಹಿಂದೆ ಪ್ರಫುಲ್ಲಾ ಹತ್ತುವ ಸದ್ದು ಕೇಳಿಸುತ್ತದೇನೋ ಎಂದು ಕಿವಿಗೊಟ್ಟಳು. ಅವಳು ಹತ್ತು ನಿಮಿಷ ಬಿಟ್ಟು ಬಂದಳು, ಮುಖ ತೊಳೆದುಕೊಂಡು, ಎಲ್ಲರಿಗೂ ಬಟ್ಟಲು ಹಂಚಿದಳು. ಹೊರಡುವಾಗ ಬಾಗಿಲಿನಲ್ಲಿ ಅರುಂಧತಿ, ‘ಬರ್ತೀನಿ ಕಣೇ,’ ಎಂದಾಗ, ಪ್ರಫುಲ್ಲಾ ‘ಆಯ್ತು,’ ಎಂದಳು. ಯಾವಾಗಲೂ ಹೇಳುತ್ತಿದ್ದ, ಮನೆ ಮುಟ್ಟಿ ಫೋನು ಮಾಡು ಎಂಬ ಮಾತನ್ನು ಹೇಳಲಿಲ್ಲ.

ಕಾರಿನಲ್ಲಿ ವೇಣುಗೋಪಾಲ ಫೋನಿನ ಬಗ್ಗೆಯೇ ಮಾತಾಡುತ್ತಿದ್ದ. ಕೆನಡಿ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತಾಗೆಲ್ಲ ಬಗ್ಗಿ ಒಂದೊಂದು ಬಟನ್ ತೋರಿಸಿದ. ಅವನ ಮುಖದಲ್ಲಿ ಕಪಟವೇ ಇರಲಿಲ್ಲ. ಇಪ್ಪತ್ತಾರು ವರ್ಷ ಅವಳು ಎಲ್ಲಿದ್ದಾಳೆಂದು ಗೊತ್ತಿರುವುದನ್ನೇ ಅವನು ಪ್ರೀತಿ ಎಂದುಕೊಂಡಿದ್ದ. ಅದು ಪ್ರೀತಿ ಅಲ್ಲವೆಂದು ಅರುಂಧತಿಗೂ ಯಾವತ್ತೂ ಅನ್ನಿಸಿರಲಿಲ್ಲ. ‘ಆ ಚೀಲ ಎಲ್ಲಿ? ಮರ್ತ್‌ಬಂದ್ಯಾ?’ ಎಂದು ಕೇಳಿದ. ‘ಇಲ್ಲ, ಪ್ರಫುಲ್ಲಾ ಇಟ್ಕೊಂಡ್ಲು,’ ಎಂದಳು. ‘ರಿಪೇರಿಗಾ?’ ಅವಳು ಕಿಟಕಿಯ ಗಾಜು ಇಳಿಸಿದಳು. ಯೂನಿಯನ್‌ವಿಲ್‌ನ ಮೇನ್ ಸ್ಟ್ರೀಟಿಗೆ ಬಂದಾಗ ಶನಿವಾರದ ಜನ ತುಂಬಿಕೊಂಡಿದ್ದರು. ಹಳೆಯ ಮರದ ಮನೆಗಳ ಮುಂದೆ ಐಸ್‌ಕ್ರೀಮಿಗೆ ಸಾಲು, ಸ್ಟ್ರೋಲರುಗಳು, ನಾಯಿಗಳು. ಕಾರು ಹೆಜ್ಜೆ ಹೆಜ್ಜೆಯಾಗಿ ತೆವಳುತ್ತಿತ್ತು.

‘ಇಲ್ಲೇ ನಿಲ್ಸಿ. ನಾನು ನಡ್ಕೊಂಡು ಬರ್ತೀನಿ.’

‘ಯಾಕೆ? ಏನಾದ್ರೂ ತಗೋಬೇಕಾ?’

‘ಏನಿಲ್ಲ. ಸುಮ್ನೆ.’

ಅವನು ಪಕ್ಕಕ್ಕೆ ತೆಗೆದು ನಿಲ್ಲಿಸಿ ನಕ್ಕ. ‘ದಾರಿ ಗೊತ್ತಾ ಮೇಡಂ?’

ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟಿದ್ದ ಅರುಂಧತಿ ಅವನ ಕಡೆ ತಿರುಗಿದಳು. ‘ಗೊತ್ತು,’ ಎಂದ ಅವಳ ದನಿ ಮೆತ್ತಗಿತ್ತು. ‘ಅಲ್ಲೂ ಗೊತ್ತಿತ್ತುರೀ.’

ಅವನ ಮುಖದ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕಣ್ಣಿನಿಂದ ಮೊದಲು ಹೋಯಿತು. ‘ಹಾಗಂದ್ರೆ?’ ಎಂದ. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ‘ಮನೆಗೆ ಬಂದು ಹೇಳ್ತೀನಿ. ಎಲ್ಲಾ ಹೇಳ್ತೀನಿ. ನೀವು ಹೋಗಿರಿ,’ ಎಂದು ಅವಳು ಬಾಗಿಲು ಹಾಕಿದಳು. ಕಾರು ತಕ್ಷಣ ಹೊರಡಲಿಲ್ಲ. ಹೊರಟ ಮೇಲೂ ಅದರ ಹಿಂದಿನ ಕೆಂಪು ದೀಪ ಒಂದೆರಡು ಸಲ ಹೊತ್ತಿ, ಆಮೇಲೆ ತಿರುವಿನಲ್ಲಿ ಮರೆಯಾಯಿತು.

ಅರುಂಧತಿ ಜನರ ನಡುವೆ ನಿಂತಳು. ಜೂನಿನ ಸಂಜೆಯ ಬಿಸಿಲು ಇನ್ನೂ ಎತ್ತರದಲ್ಲಿತ್ತು. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಕೈ ಬೀಸಿ, ‘ಹಾಯ್ ಅರು! ಮೈ ಬುಕ್ಸ್ ಆರ್ ಓವರ್‌ಡ್ಯೂ, ಐ ನೋ!’ ಎಂದು ಕೂಗಿದಳು. ಲೈಬ್ರರಿಯ ಪರಿಚಯ. ಅವಳ ಮಗಳೂ ಕೈ ಬೀಸಿದಳು. ಎದುರಿನ ಫುಟ್‌ಪಾತಿನಿಂದ ಧ್ರುವನ ಹಳೆಯ ಟೀಚರೊಬ್ಬಳು, ಅವನು ಯೂನಿವರ್ಸಿಟಿಯಲ್ಲಿ ಹೇಗಿದ್ದಾನೆಂದು ಕೇಳಿದಳು. ಚೆನ್ನಾಗಿದ್ದಾನೆ, ಎಂದಳು. ಈ ಬೀದಿಯಲ್ಲಿ ಅವಳನ್ನು ಅರಿಯದ ಕಲ್ಲೂ ಇರಲಿಲ್ಲವೇನೋ. ಇಲ್ಲಿಂದ ಮನೆ ಇಪ್ಪತ್ತು ನಿಮಿಷ. ಮನೆಯಲ್ಲಿ ವೇಣುಗೋಪಾಲ ಟಿವಿಯನ್ನೂ ಹಾಕದೆ ಹಾಲ್‌ನಲ್ಲಿ ಕೂತು ಕಾಯುತ್ತಿರುತ್ತಾನೆ. ಅವನಿಗೆ ಎಲ್ಲಿಂದ ಶುರು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಬೀದಿಯ ಕೊನೆಯ ಕೊಳದ ಕಡೆಯಿಂದ ಗಾಳಿ ಬಂತು. ಅರುಂಧತಿ ಆ ಇಪ್ಪತ್ತು ನಿಮಿಷವನ್ನು, ಆದಷ್ಟು ನಿಧಾನವಾಗಿ, ನಡೆಯತೊಡಗಿದಳು.